ಬಿಟ್ಟಿ ಬಂದ ಸಾಫ್ಟ್‌ವೇರ್ ಮಾರಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಂಪನಿಗಳು ಪ್ರಚಾರಕ್ಕೆಂದು ಹಂಚಿದ ಸಾಫ್ಟ್‌ವೇರನ್ನು ಆನ್‌ಲೈನ್‌ನಲ್ಲಿ ಮಾರುವ ವಿಚಾರವಾಗಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ. ಊರು, ಕಸುಬು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಅಣ್ಣನ ಕಂಪ್ಯೂಟರ್ ಅಂಗಡಿ ಮುಚ್ಚುತ್ತಿದ್ದೇವೆ. ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಗಳ ತುಂಬ ಡಿಸ್ಕುಗಳಿವೆ. ಪತ್ರಿಕೆಗಳ ಜೊತೆ ಬಂದ ಸಿಡಿ, ಡಿವಿಡಿ, ಮದರ್‌ಬೋರ್ಡಿನ ಡ್ರೈವರ್ ಡಿಸ್ಕು, ಆ್ಯಂಟಿವೈರಸ್ ಬಾಕ್ಸು, ಡೀಲರ್ ಮೀಟಿಂಗಿನಲ್ಲಿ ಕೊಟ್ಟ ಡೆಮೊ ಪ್ಯಾಕು. ಕೆಲವದರ ಮೇಲೆ ‘ನಾಟ್ ಫಾರ್ ರೀಸೇಲ್’ (ಮರುಮಾರಾಟಕ್ಕಲ್ಲ) ಎಂದು ಅಚ್ಚಾಗಿದೆ. ಆನ್‌ಲೈನ್‌ನಲ್ಲಿ ಮಾರಿದರೆ ಕೇಸಾಗುತ್ತದೆಯೇ?
ಅಂಗಡಿಯವರು, ವಿದ್ಯಾನಗರ, ದಾವಣಗೆರೆ

ಉತ್ತರ: ಎಲ್ಲವನ್ನೂ ಒಂದೇ ಲಾಟು ಮಾಡಿ ಮಾರಬೇಡಿ. ನೀವು ಪಟ್ಟಿ ಮಾಡಿರುವ ನಾಲ್ಕು ಬಗೆಯ ಮಾಲಿಗೆ ನಾಲ್ಕು ಬೇರೆ ಬೇರೆ ಉತ್ತರಗಳಿವೆ. ಬಿಟ್ಟಿ ಬಂತೋ ದುಡ್ಡು ಕೊಟ್ಟು ತಂದಿರೋ ಎನ್ನುವುದು ಕಾನೂನಿನಲ್ಲಿ ಅಷ್ಟು ದೊಡ್ಡ ಮಾತಲ್ಲ. ನಿಮ್ಮ ಕೈಯಲ್ಲಿರುವುದು ಒಂದು ವಸ್ತುವೋ ಅಥವಾ ಬಳಸಲು ಕೊಟ್ಟ ಬರೀ ಅನುಮತಿಯೋ ಎಂಬುದೇ ಮುಖ್ಯ. ಅಚ್ಚಾದ ಡಿಸ್ಕು ವಸ್ತು. ಸಾಫ್ಟ್‌ವೇರ್ ಚಾಲೂ ಮಾಡಲು ಒತ್ತುವ ಇಪ್ಪತ್ತೈದು ಅಕ್ಷರದ ಕೀ, ಲಾಗಿನ್, ಅಕೌಂಟು ಇವೆಲ್ಲ ಅನುಮತಿ. ವಸ್ತುವನ್ನು ಮಾರಲು ನಿಮಗೆ ಒಂದು ಮಟ್ಟಿಗೆ ದಾರಿಯಿದೆ. ಅನುಮತಿ ಯಾರ ಹೆಸರಿಗೆ ಸಿಕ್ಕಿದೆಯೋ ಅವರಲ್ಲೇ ಉಳಿಯುತ್ತದೆ, ಇನ್ನೊಬ್ಬರಿಗೆ ದಾಟಿಸಬಹುದು ಎಂದು ಕೊಟ್ಟವರೇ ಬರೆದಿದ್ದರೆ ಹೊರತು.

ಕಾನೂನು ಹೀಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 2(ಒ) ಕಲಮಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಜೊತೆ ಸೇರಿಸಲಾಗಿದೆ. ಆದರೆ ಪುಸ್ತಕಕ್ಕೂ ಪ್ರೋಗ್ರಾಮಿಗೂ 14ನೇ ಕಲಮಿನಲ್ಲಿ ವ್ಯತ್ಯಾಸ ಉಂಟು. ಪುಸ್ತಕದ ಪ್ರತಿ ಒಮ್ಮೆ ಚಲಾವಣೆಗೆ ಬಂದಮೇಲೆ ಆ ಪ್ರತಿಯ ಮರುಮಾರಾಟದ ಮೇಲೆ ಪ್ರಕಾಶಕರ ಹಿಡಿತ ಇರುವುದಿಲ್ಲ. ಪ್ರೋಗ್ರಾಮಿನ ವಿಷಯದಲ್ಲಿ ‘ಯಾವುದೇ ಪ್ರತಿ’ಯನ್ನು ಮಾರುವ, ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡುವ ಹಕ್ಕು ಕೃತಿಸ್ವಾಮ್ಯದ ಒಡೆಯನದೇ ಎಂದಿದೆ. 1994ರ ತಿದ್ದುಪಡಿಯಲ್ಲಿ ಇದು ಇನ್ನೂ ಬಿಗಿಯಾಗಿತ್ತು: ಆ ಪ್ರತಿ ಹಿಂದೆ ಮಾರಾಟವಾಗಿದ್ದರೂ ಸರಿಯೇ, ಹಕ್ಕು ಒಡೆಯನದೇ ಎಂಬ ಮಾತಿತ್ತು. 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಹಾಗಾಗಿ ನ್ಯಾಯವಾಗಿ ಕೈಗೆ ಬಂದ ಅಸಲಿ ಪ್ರತಿಯನ್ನು ಮತ್ತೆ ಮಾರುವುದಕ್ಕೆ ತಡೆ ಇಲ್ಲ ಎಂಬ ವಾದಕ್ಕೆ ಬಲ ಬಂತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಓದಿದ್ದೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ: ನಕಲು ಮಾಡಿ, ಆ ನಕಲನ್ನು ಇನ್ನೊಬ್ಬರಿಗೆ ದಾಟಿಸುವುದನ್ನು ತಡೆಯುವುದೇ ಕಲಮಿನ ಉದ್ದೇಶ ಎಂದಿತು. ಆದರೆ ಅದು ಆದಾಯ ತೆರಿಗೆಯ ಪ್ರಕರಣ, ಅಟ್ಟದ ಮೇಲಿನ ಡಿಸ್ಕುಗಳದ್ದಲ್ಲ. ಆದ್ದರಿಂದ ‘ಸುಪ್ರೀಂ ಕೋರ್ಟೇ ಒಪ್ಪಿದೆ, ಎಲ್ಲ ಮಾರಿ’ ಎಂದು ಯಾರಾದರೂ ಹೇಳಿದರೆ ಅಷ್ಟು ದೂರ ಹೋಗಬೇಡಿ.

ಇನ್ನು ‘ನಾಟ್ ಫಾರ್ ರೀಸೇಲ್’ ಎಂಬ ಅಚ್ಚು. ಮೆಡಿಕಲ್ ಶಾಪಿನಲ್ಲಿ ವೈದ್ಯರ ಸ್ಯಾಂಪಲ್ ಮಾತ್ರೆ ಮಾರಿದರೆ ತಪ್ಪಾಗುವುದು ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಬರೆದಿರುವುದರಿಂದ ಮಾತ್ರ ಅಲ್ಲ, 1945ರ ಔಷಧ ನಿಯಮಗಳೇ ಅದನ್ನು ನಿಷೇಧಿಸಿವೆ. ಸಾಫ್ಟ್‌ವೇರಿಗೆ ಅಂಥ ಸರ್ಕಾರಿ ನಿಯಮ ಇಲ್ಲ. ಅಚ್ಚು ಹಾಕಿದ್ದು ಕಂಪನಿ. ಅದು ನಿಮ್ಮನ್ನು ಕಟ್ಟಿಹಾಕುವುದು ನೀವು ಒಪ್ಪಿ ಸಹಿ ಮಾಡಿದ್ದರೆ, ಅಥವಾ ಕೊಟ್ಟಿದ್ದು ಮಾಲಲ್ಲ, ಬರೀ ಬಳಕೆಯ ಅನುಮತಿ ಎಂದು ಕಾಗದಪತ್ರದಲ್ಲಿ ಇದ್ದರೆ. ಅದಕ್ಕೇ ಡಿಸ್ಕಿನ ಮೇಲಿನ ಅಚ್ಚಿಗಿಂತ ಮೊದಲು ಅಂಗಡಿಯ ಹಳೇ ಫೈಲಿನಲ್ಲಿ ಡೀಲರ್ ಕರಾರು ಪತ್ರ ಹುಡುಕಿ. ಡೆಮೊ ಪ್ಯಾಕಿನ ಬಗ್ಗೆ ಅದರಲ್ಲಿ ಸಾಮಾನ್ಯವಾಗಿ ಒಂದು ಕಲಮು ಇರುತ್ತದೆ.

ಹೊರದೇಶದ ಗಿರಾಕಿಗೆ ಕಳಿಸುವ ಯೋಚನೆಯಿದ್ದರೆ ಅಲ್ಲಿನ ತೀರ್ಪುಗಳೂ ಗೊತ್ತಿರಲಿ. ಅಮೆರಿಕದಲ್ಲಿ ಒಂದೇ ಮೇಲ್ಮನವಿ ನ್ಯಾಯಾಲಯ, ಒಂಬತ್ತನೇ ಸರ್ಕಿಟ್, ಎರಡು ಬೇರೆ ದಿಕ್ಕಿನ ತೀರ್ಪು ಕೊಟ್ಟಿದೆ. 2010ರಲ್ಲಿ ಆಟೊಡೆಸ್ಕ್ ಪ್ರಕರಣದಲ್ಲಿ, ಆ ಕಂಪನಿಯ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೊಕ್ಯಾಡ್‌ನ ಹಳೇ ಪ್ರತಿಗಳನ್ನು ಈಬೇ ಮಾರಾಟ ತಾಣದಲ್ಲಿ ಮಾರುತ್ತಿದ್ದವರಿಗೆ ಆ ಹಕ್ಕಿಲ್ಲ ಎಂದಿತು. ಕಂಪನಿ ಮೊದಲು ಕೊಟ್ಟದ್ದೇ ಲೈಸೆನ್ಸು, ಅಂದರೆ ಬಳಕೆಯ ಅನುಮತಿ, ದಾಟಿಸಬಾರದು ಎಂಬ ಷರತ್ತಿನ ಸಮೇತ. 2011ರಲ್ಲಿ ಯುನಿವರ್ಸಲ್ ಮ್ಯೂಸಿಕ್ ಕಂಪನಿಯ ಪ್ರಕರಣದಲ್ಲಿ, ಮಾರಾಟಕ್ಕಲ್ಲ ಎಂದು ಅಚ್ಚಾಗಿದ್ದ ಪ್ರಚಾರದ ಸಂಗೀತ ಸಿಡಿಗಳನ್ನು ಮಾರಿದ್ದು ತಪ್ಪಲ್ಲ ಎಂದಿತು. ಕಾರಣ: ಕಂಪನಿ ಅವನ್ನು ಯಾರೂ ಕೇಳದೆಯೇ ಅಂಚೆಯಲ್ಲಿ ಕಳಿಸಿತ್ತು, ವಾಪಸು ಕೇಳಲಿಲ್ಲ, ಯಾವ ಡಿಸ್ಕು ಎಲ್ಲಿದೆ ಎಂದು ಲೆಕ್ಕ ಇಡಲಿಲ್ಲ. ಕೊಟ್ಟು ಕೈಬಿಟ್ಟ ವಸ್ತು ಪಡೆದವರದೇ ಆಯಿತು. ಯುರೋಪಿನ ನ್ಯಾಯಾಲಯ 2012ರ ಜುಲೈ 3ರಂದು ಒರಾಕಲ್ ಪ್ರಕರಣದಲ್ಲಿ ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರನ್ನೂ ಮರುಮಾರಾಟ ಮಾಡಬಹುದು ಎಂದದ್ದು ಬಹಳ ಸುದ್ದಿಯಾಯಿತು. ಆದರೆ ಅದು ಹಣ ಪಡೆದು, ಅವಧಿ ಮಿತಿ ಇಲ್ಲದೆ ಕೊಟ್ಟ ಲೈಸೆನ್ಸಿಗೆ ಹೇಳಿದ ಮಾತು. ಮಾರುವವರು ತಮ್ಮ ಬಳಿಯ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು ಎಂದೂ ಇದೆ. ಪುಕ್ಕಟೆ ಕೊಟ್ಟ ಒಂದು ವರ್ಷದ ಕೀಗೆ ಈ ತೀರ್ಪು ನೆರವಿಗೆ ಬರುವುದಿಲ್ಲ. ಇವು ಯಾವುವೂ ನಮ್ಮ ಕೋರ್ಟುಗಳಿಗೆ ಕಟ್ಟಳೆಯಲ್ಲ. ತರ್ಕಕ್ಕೆ ಮಾತ್ರ ಬಳಕೆ.

ಈಗ ನಿಮ್ಮ ಪೆಟ್ಟಿಗೆಗಳಿಗೆ ಬರೋಣ.

ಪತ್ರಿಕೆಗಳ ಜೊತೆ ಬಂದ ಡಿಸ್ಕುಗಳೇ ಎಲ್ಲಕ್ಕಿಂತ ನಿರಾಳ. ಪತ್ರಿಕೆ ಕೊಂಡವರಿಗೆ ಮುಕ್ತವಾಗಿ ಹೋದ ಪ್ರತಿಗಳು ಅವು. ಹಳೇ ಲಿನಕ್ಸ್ ಡಿಸ್ಕುಗಳನ್ನು, ಹಳೇ ಗೇಮ್ ಡೆಮೊಗಳನ್ನು ಸಂಗ್ರಹಿಸುವವರು ಇದ್ದಾರೆ. ಅದೇ ಡಿಸ್ಕನ್ನು ಅದೇ ಲಕೋಟೆಯಲ್ಲಿ ಮಾರಿ. ಅದರೊಳಗಿನದನ್ನು ಪೆನ್‌ಡ್ರೈವಿಗೆ ತುಂಬಿ ಮಾರಿದ ಗಳಿಗೆಯಲ್ಲಿ ನೀವು ಹೊಸ ಪ್ರತಿ ಮಾಡಿದಂತಾಯಿತು, ಮೇಲೆ ಹೇಳಿದ ರಕ್ಷಣೆಯೆಲ್ಲ ಹೋಯಿತು. 52(1)(ಎಎ) ಕಲಮಿನಲ್ಲಿ ಬ್ಯಾಕಪ್ ಪ್ರತಿಗೆ ಅವಕಾಶ ಇರುವುದು ನಿಮ್ಮ ಡಿಸ್ಕು ಹಾಳಾದೀತೆಂಬ ತಾತ್ಕಾಲಿಕ ರಕ್ಷಣೆಗಷ್ಟೆ. ಅಸಲು ಗೀರಿಹೋಗಿದೆ ಎಂದು ಬ್ಯಾಕಪ್ ಮಾರುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯವೂ 2016ರಲ್ಲಿ ಮೈಕ್ರೋಸಾಫ್ಟ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ.

ಅಂಗಡಿಯ ಪೆಟ್ಟಿಗೆಯಲ್ಲಿ ಅಚ್ಚಿನ ಡಿಸ್ಕಿನ ನಡುವೆ ಯಾವಾಗಲೋ ಕಂಪ್ಯೂಟರಿನಲ್ಲಿ ಬರೆದದ್ದೂ (ಬರ್ನ್ ಮಾಡಿದ್ದೂ) ಸೇರಿಕೊಂಡಿರುತ್ತದೆ. ಒಂದೊಂದನ್ನೂ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಸಿಡಿಯ ಕೆಳಮೈ ಶುದ್ಧ ಬೆಳ್ಳಿ ಬಣ್ಣ. ಬರ್ನ್ ಮಾಡಿದ್ದು ಹಸಿರು, ನೀಲಿ ಇಲ್ಲವೇ ನೇರಳೆ ಛಾಯೆ ಹೊಡೆಯುತ್ತದೆ; ಬರೆದ ಭಾಗ ಮುಗಿದ ಕಡೆ ಬಣ್ಣ ಬದಲಾಗಿ ಒಂದು ಬಳೆಯಂಥ ಗೆರೆ ಕಾಣುತ್ತದೆ. ನಡುವಿನ ತೂತಿನ ಸುತ್ತ, ಕನ್ನಡಿಯಂತಿರುವ ಪಟ್ಟಿಯಲ್ಲಿ ಬಹಳಷ್ಟು ಅಚ್ಚಿನ ಡಿಸ್ಕುಗಳಿಗೆ ಐಎಫ್‌ಪಿಐ ಎಂದು ಶುರುವಾಗುವ ಸಣ್ಣ ಕೋಡ್ ಇರುತ್ತದೆ. ಅದು ತಯಾರಿಕಾ ಘಟಕದ ಗುರುತು. ಲಿಸ್ಟಿಂಗಿನಲ್ಲಿ, ಅಂದರೆ ಮಾರಾಟ ತಾಣದಲ್ಲಿ ನೀವು ಹಾಕುವ ಜಾಹೀರಾತಿನಲ್ಲಿ, ಆ ಪಟ್ಟಿಯ ಹತ್ತಿರದ ಫೋಟೊ ಹಾಕಿದರೆ ತಿಳಿದ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತುಗಳು ಕಂಡರೆ ಅಲ್ಯೂಮಿನಿಯಂ ಪದರ ಹಾಳಾಗಿದೆ ಎಂದರ್ಥ, ಅಂಥದ್ದನ್ನು ಮಾರಬೇಡಿ.

ಆ್ಯಂಟಿವೈರಸ್ ಬಾಕ್ಸಿನಲ್ಲಿ ಎರಡು ಜಾತಿ. ‘ಹತ್ತು ತಗೊಂಡ್ರೆ ಒಂದು ಫ್ರೀ’ ಎಂಬ ಸ್ಕೀಮಿನಲ್ಲಿ ಬಂದ ಬಾಕ್ಸಿಗೆ ಎಂಆರ್‌ಪಿ ಅಚ್ಚಾಗಿರುತ್ತದೆ, ಡಿಸ್ಟ್ರಿಬ್ಯೂಟರ್ ಬಿಲ್ಲಿನಲ್ಲಿ ಅದರ ಸಾಲು ಇರುತ್ತದೆ. ಅದು ಮಾರಾಟಕ್ಕೆಂದೇ ಕೊಟ್ಟ ಮಾಲು, ಬಿಟ್ಟಿ ಬಂದಿದ್ದರೂ ಮಾರಿ. ಎಂಆರ್‌ಪಿ ಇಲ್ಲದೆ ‘ನಾಟ್ ಫಾರ್ ರೀಸೇಲ್’ ಎಂದಿರುವುದು ಅಂಗಡಿಯ ಡೆಮೊ ಯಂತ್ರಕ್ಕೆ, ಸಿಬ್ಬಂದಿ ಕಲಿಯುವುದಕ್ಕೆ ಕೊಟ್ಟದ್ದು. ಅದರ ಕೀ ಕಂಪನಿಯ ಸರ್ವರಿನಲ್ಲಿ ಬೇರೆ ಗುಂಪಿನಲ್ಲಿರುತ್ತದೆ. ಬೇರೆಯವರ ಯಂತ್ರದಲ್ಲಿ ಚಾಲೂ ಆದದ್ದು ಗೊತ್ತಾದರೆ ಬಂದ್ ಮಾಡುತ್ತಾರೆ. ಗಿರಾಕಿ ದುಡ್ಡು ವಾಪಸು ಕೇಳುವುದು ನಿಮ್ಮನ್ನು. ಸ್ಕೀಮ್ ಬಾಕ್ಸಾದರೂ ಮೇಲಿರುವ ಆ್ಯಕ್ಟಿವೇಶನ್ ಗಡುವು ನೋಡಿಯೇ ಮಾರಿ. ಫೋಟೊ ಹಾಕುವಾಗ ಕೀ ಕಾಣದಂತೆ ಮುಚ್ಚಿ, ಫೋಟೊದಿಂದ ಓದಿ ಬಳಸಿಬಿಡುವವರಿದ್ದಾರೆ.

ಮದರ್‌ಬೋರ್ಡಿನ ಡ್ರೈವರ್ ಡಿಸ್ಕುಗಳಿಗೆ ಬೆಲೆ ಇಲ್ಲ, ತಯಾರಕರ ಜಾಲತಾಣದಲ್ಲಿ ಅವು ಪುಕ್ಕಟೆ. ಹಳೇ ಬೋರ್ಡು ಮಾರುವಾಗ ಜೊತೆಗೆ ಕೊಟ್ಟುಬಿಡಿ. ಡೀಲರ್ ಮೀಟಿಂಗಿನ ಡೆಮೊ ಪ್ಯಾಕುಗಳನ್ನು ಕಂಪನಿಗೆ ವಾಪಸು ಮಾಡಿ ಇಲ್ಲವೇ ಮುರಿದು ಬಿಸಾಡಿ. ಇದು ನಮ್ಮ ಖಚಿತ ಸಲಹೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ? ನಕಲು ಎಂದು ತಿಳಿದೂ ವ್ಯಾಪಾರ ಮಾಡಿದರೆ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ. ವಾರಂಟ್ ಇಲ್ಲದೆ ಹಿಡಿಯಬಹುದಾದ, ಜಾಮೀನು ಹಕ್ಕಿನಿಂದ ಸಿಗದ ಅಪರಾಧ ಇದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 64ನೇ ಕಲಮಿನಡಿ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ಮಾಲು ಜಪ್ತಿ ಮಾಡಬಹುದು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷ. ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುವ ಆಟೊಕ್ಯಾಡ್ ಲಾಗಿನ್ ಇದೆ, ಕಾಲೇಜು ಮೇಲ್ ಐಡಿಗೆ ಆಫೀಸ್ ಕೂಡ ಇದೆ. ಊರಿನ ಒಬ್ಬ ಸಿವಿಲ್ ಕಂಟ್ರಾಕ್ಟರ್ ವರ್ಷಕ್ಕೆ ₹1,500 ಕೊಡುತ್ತೇನೆ ಅನ್ನುತ್ತಾರೆ. ಕೊಡಬಹುದಾ?
ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಆಟೊಡೆಸ್ಕ್ ವಿದ್ಯಾರ್ಥಿ ಲೈಸೆನ್ಸು ಕಲಿಕೆಗೆ ಮಾತ್ರ, ವರ್ಷ ವರ್ಷ ಅರ್ಹತೆ ತೋರಿಸಿ ನವೀಕರಿಸಬೇಕಾದದ್ದು. ಹಣ ಪಡೆದು ಮಾಡುವ ಮನೆ ನಕ್ಷೆ ಅದರ ವ್ಯಾಪ್ತಿಗೆ ಬರುವುದಿಲ್ಲ, ನಿಮ್ಮ ಲಾಗಿನ್ ಬೇರೆಯವರಿಗೆ ಕೊಡುವುದೂ ಬರುವುದಿಲ್ಲ. ಕಾಲೇಜಿನ ಆಫೀಸ್ ಅಕೌಂಟಿನದು ಇನ್ನೂ ಸೂಕ್ಷ್ಮ. ಆ ಐಡಿಯ ಒಡೆತನ ಕಾಲೇಜಿನದು. ಪಾಸ್‌ವರ್ಡ್ ದಾಟಿಸಿದರೆ ನಿಮ್ಮ ಮೇಲ್, ಒನ್‌ಡ್ರೈವಿನಲ್ಲಿಟ್ಟ ಪ್ರಾಜೆಕ್ಟು, ಸಹಪಾಠಿಗಳ ವಿಳಾಸಪಟ್ಟಿ ಎಲ್ಲ ಕಂಟ್ರಾಕ್ಟರ್ ಆಫೀಸಿಗೆ ಹೋದಂತೆ. ಅಲ್ಲಿಂದ ಒಂದು ವಂಚನೆಯ ಮೇಲ್ ಹೊರಟರೆ ಪೊಲೀಸರು ಮೊದಲು ಬರುವುದು ನಿಮ್ಮ ಹೆಸರು ಹುಡುಕಿಕೊಂಡು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ ಇದೆ.

ಕಂಟ್ರಾಕ್ಟರಿಗೆ ನಕ್ಷೆ ಬೇಕಿದ್ದರೆ ಫ್ರೀಕ್ಯಾಡ್ ಅಥವಾ ಲಿಬ್ರೆಕ್ಯಾಡ್ ಹಾಕಿಕೊಡಿ. ಎರಡನ್ನೂ ವ್ಯಾಪಾರಕ್ಕೆ ಬಳಸಬಹುದು. ಹಾಕಿ, ಕಲಿಸಿಕೊಟ್ಟದ್ದಕ್ಕೆ ಕೂಲಿ ತೆಗೆದುಕೊಳ್ಳಿ, ಅದು ನಿಮ್ಮ ದುಡಿಮೆಯ ಹಣ.

ಪ್ರಶ್ನೆ: ಡಿಟಿಪಿ ಅಂಗಡಿ ಇದೆ. ಲಿಬ್ರೆ ಆಫೀಸ್, ವಿಎಲ್‌ಸಿ, ಗಿಂಪ್, ಫೈರ್‌ಫಾಕ್ಸ್, ನುಡಿ ಎಲ್ಲ ತುಂಬಿದ 16 ಜಿಬಿ ಪೆನ್‌ಡ್ರೈವ್ ಮಾಡಿ ₹499ಕ್ಕೆ ಆನ್‌ಲೈನ್‌ನಲ್ಲಿ ಮಾರುವ ಆಸೆ. ನೆಟ್ ಸರಿಯಿಲ್ಲದ ಹಳ್ಳಿಯವರಿಗೆ ಅನುಕೂಲ. ಎಲ್ಲವೂ ಪುಕ್ಕಟೆ ಸಿಗುವಂಥವೇ. ತಪ್ಪೇನಾದರೂ ಇದೆಯಾ?
ಡಿಟಿಪಿ ಅಂಗಡಿ, ಬಿ.ಡಿ. ರಸ್ತೆ, ಚಿತ್ರದುರ್ಗ

ಉತ್ತರ: ಒಳ್ಳೆಯ ಯೋಚನೆ, ಬಹುಪಾಲು ಕಾನೂನಿಗೆ ಒಪ್ಪುವಂಥದ್ದು. ಪಟ್ಟಿಯಲ್ಲಿ ಎರಡು ಹೆಸರು ಮಾತ್ರ ಬೇರೆ ಇಡಬೇಕು.

ವಿಎಲ್‌ಸಿ ಮತ್ತು ಗಿಂಪ್ ಇರುವುದು ಜಿಪಿಎಲ್ ಎಂಬ ಮುಕ್ತ ಸಾಫ್ಟ್‌ವೇರಿನ ಲೈಸೆನ್ಸಿನಲ್ಲಿ. ಪ್ರತಿಗೆ ಎಷ್ಟು ಬೇಕಾದರೂ ಬೆಲೆ ಇಡಿ, ಲೈಸೆನ್ಸು ಬೇಡ ಅನ್ನುವುದಿಲ್ಲ. ಅದು ಕೇಳುವುದು ಬೇರೆ: ಲೈಸೆನ್ಸಿನ ಪೂರ್ತಿ ಪಠ್ಯ ಜೊತೆಗಿರಬೇಕು, ಕೊಂಡವರು ಮತ್ತೆ ನಕಲು ಮಾಡಿ ಹಂಚುವುದನ್ನು ನೀವು ತಡೆಯಬಾರದು, ಮೂಲ ಕೋಡ್ (ಪ್ರೋಗ್ರಾಮರುಗಳು ಬರೆದ ಸಾಲುಗಳು) ಸಿಗುವಂತೆ ಮಾಡಬೇಕು. ಬಹಳ ಜನ ಎಡವುವುದು ಈ ಮೂರನೆಯದರಲ್ಲಿ. ‘ಕೋಡ್ ಬೇಕಾದರೆ ಅವರ ಜಾಲತಾಣದಲ್ಲಿ ಇದೆ’ ಎಂದು ಕೈತೊಳೆದುಕೊಳ್ಳುವುದು ವ್ಯಾಪಾರಿಗೆ ಸಲ್ಲುವುದಿಲ್ಲ. ಜಿಪಿಎಲ್ ಎರಡನೇ ಆವೃತ್ತಿಯ ಪ್ರಕಾರ ಒಂದೋ ಕೋಡನ್ನು ಪೆನ್‌ಡ್ರೈವಿನಲ್ಲೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇನೆಂದು ಕನಿಷ್ಠ ಮೂರು ವರ್ಷ ಚಾಲ್ತಿಯಿರುವ ಬರಹ ಕೊಡಬೇಕು. ಮೂರು ವರ್ಷ ನೆನಪಿಟ್ಟುಕೊಳ್ಳುವ ತಲೆನೋವಿಗಿಂತ ಕೋಡನ್ನೇ ತುಂಬಿಬಿಡುವುದು ವಾಸಿ. 16 ಜಿಬಿಯಲ್ಲಿ ಅದಕ್ಕೆ ಧಾರಾಳ ಜಾಗವಿದೆ. ನೀವು ಯಾವ ಆವೃತ್ತಿಯ ಇನ್‌ಸ್ಟಾಲರ್ (ಸಾಫ್ಟ್‌ವೇರ್ ಕೂರಿಸುವ ಫೈಲ್) ಹಾಕುತ್ತೀರೋ ಅದೇ ಆವೃತ್ತಿಯ ಕೋಡ್ ಇರಬೇಕು. ಇನ್‌ಸ್ಟಾಲರ್ ಹೊಸತು ಮಾಡಿ ಕೋಡ್ ಹಳೆಯದೇ ಬಿಟ್ಟರೆ ಷರತ್ತು ಮುರಿದಂತೆ. ಲಿಬ್ರೆ ಆಫೀಸ್ ಎಂಪಿಎಲ್ 2.0 ಎಂಬ ಇನ್ನೊಂದು ಮುಕ್ತ ಲೈಸೆನ್ಸಿನದು, ಕೋಡ್ ಎಲ್ಲಿ, ಹೇಗೆ ಸಿಗುತ್ತದೆಂದು ಕೊಂಡವರಿಗೆ ತಿಳಿಸಿದರೂ ಸಾಕು.

ಫೈರ್‌ಫಾಕ್ಸ್ ತೆಗೆಯಿರಿ. ಅದರ ಕೋಡ್ ಮುಕ್ತವಾದರೂ ಹೆಸರು, ಲಾಂಛನ ಮೊಜಿಲ್ಲಾದ ಟ್ರೇಡ್‌ಮಾರ್ಕ್. ಅಸಲು ಇನ್‌ಸ್ಟಾಲರನ್ನು ಬದಲಿಸದೆ ಹಂಚಬಹುದು, ಅದಕ್ಕೆ ದುಡ್ಡು ಪಡೆಯಬಾರದು ಎಂಬುದು ಅವರ ನೀತಿ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಪುಕ್ಕಟೆ ಪಡೆದು ಬಳಸಬಹುದು, ಆದರೆ ಪುಕ್ಕಟೆ ಸಿಗುತ್ತದೆ ಎಂದ ಮಾತ್ರಕ್ಕೆ ಬೆಲೆ ಕಟ್ಟಿದ ಪೆನ್‌ಡ್ರೈವಿನಲ್ಲಿ ಸೇರಿಸಲು ಒಪ್ಪಿಗೆ ಸಿಕ್ಕಂತಲ್ಲ. ಪರಿಷತ್ತಿಗೆ ಒಂದು ಪತ್ರ ಬರೆದು ಲಿಖಿತ ಒಪ್ಪಿಗೆ ತರಿಸಿಕೊಳ್ಳಿ, ಅಲ್ಲಿಯವರೆಗೆ ಬಿಡಿ. ಅಂಗಡಿಗೆ ಬಂದ ಗಿರಾಕಿಯ ಕಂಪ್ಯೂಟರಿಗೆ ನುಡಿ ಇಳಿಸಿ, ಕೀಬೋರ್ಡ್ ವಿನ್ಯಾಸ ಹೊಂದಿಸಿ ನೂರು ರೂಪಾಯಿ ಕೂಲಿ ಪಡೆಯುವುದು ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ. ಬಿಲ್ಲಿನಲ್ಲಿ ‘ಸಾಫ್ಟ್‌ವೇರ್’ ಎಂದು ಬರೆಯದೆ ‘ಇನ್‌ಸ್ಟಾಲೇಶನ್ ಕೂಲಿ’ ಎಂದು ಬರೆಯಿರಿ.

ಇದೇ ಗುಂಪಿಗೆ ಸೇರಿದಂತೆ ಕಾಣುವ, ಚಿತ್ರ ನೋಡಲು ಬಳಸುವ ಇರ್ಫಾನ್‌ವ್ಯೂ ಥರದವು ವೈಯಕ್ತಿಕ ಬಳಕೆಗೆ ಮಾತ್ರ ಪುಕ್ಕಟೆ. ಅಂಗಡಿಯಲ್ಲಿ ಬಳಸುವುದಕ್ಕೂ ಲೈಸೆನ್ಸು ಕೊಳ್ಳಬೇಕು.

ಮಾಡುವ ಕ್ರಮ: ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ಇನ್‌ಸ್ಟಾಲರುಗಳನ್ನು ಆಯಾ ಸಂಸ್ಥೆಯ ಜಾಲತಾಣದಿಂದಲೇ ಇಳಿಸಿ. ಡೌನ್‌ಲೋಡ್ ಪೋರ್ಟಲುಗಳಲ್ಲಿ ಇನ್‌ಸ್ಟಾಲರಿನ ಜೊತೆ ಬೇಡದ ಟೂಲ್‌ಬಾರು ಅಂಟಿಕೊಂಡು ಬರುತ್ತದೆ, ಬೈಗುಳ ತಿನ್ನುವವರು ನೀವು. ವಿಂಡೋಸ್ ಕಮಾಂಡ್ ಪ್ರಾಂಪ್ಟಿನ ಸರ್ಟ್‌ಯುಟಿಲ್‌ನಿಂದ ಫೈಲ್ ಬದಲಾಗಿಲ್ಲ ಎಂದು ತೋರಿಸುವ ಎಸ್‌ಎಚ್‌ಎ 256 ಮೊತ್ತ ತೆಗೆದು, ಜಾಲತಾಣದಲ್ಲಿರುವ ಮೊತ್ತಕ್ಕೆ ತಾಳೆ ನೋಡಿ. ಇನ್‌ಸ್ಟಾಲರ್, ಮೂಲ ಕೋಡ್, ಲೈಸೆನ್ಸ್ ಎಂದು ಮೂರು ಫೋಲ್ಡರ್ ಸಾಕು. ಲಿಸ್ಟಿಂಗಿನಲ್ಲಿ ‘ಇವೆಲ್ಲ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಬೆಲೆ ಪೆನ್‌ಡ್ರೈವಿಗೆ, ತುಂಬಿದ ಕೆಲಸಕ್ಕೆ, ಅಂಚೆ ವೆಚ್ಚಕ್ಕೆ’ ಎಂದು ಕನ್ನಡದಲ್ಲೇ ಬರೆಯಿರಿ. ಹೀಗೆ ಬರೆದರೆ ವ್ಯಾಪಾರ ಕಡಿಮೆಯಾದೀತು ಎಂದು ಹೆದರಬೇಡಿ. ಬರೆಯದೆ ಮಾರಿದರೆ ಮೊದಲ ವಾರದಲ್ಲೇ ಒಂದು ನಕ್ಷತ್ರದ ರಿವ್ಯೂ ಬೀಳುತ್ತದೆ. ‘ಅಧಿಕೃತ’ ಎಂಬ ಪದ ಎಲ್ಲೂ ಬೇಡ.

ಪ್ರಶ್ನೆ: ಆನ್‌ಲೈನ್‌ನಲ್ಲಿ ₹399ಕ್ಕೆ ವಿಂಡೋಸ್ 11 ಪ್ರೊ ‘ಲೈಫ್‌ಟೈಮ್’ ಕೀ ತಗೊಂಡೆ. ಮಾರಿದವನು ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಬಂದು ತಾನೇ ಆ್ಯಕ್ಟಿವೇಟ್ ಮಾಡಿಕೊಟ್ಟ. ಆರು ತಿಂಗಳಾದ ಮೇಲೆ ಆ್ಯಕ್ಟಿವೇಶನ್ ಹೋಯಿತು. ಪ್ರೊಮೋಶನ್ ಕೀ ಅಂದಿದ್ದ. ನನ್ನ ಮೇಲೂ ಕೇಸಾಗುತ್ತಾ?
ಹಾರ್ಡ್‌ವೇರ್ ವ್ಯಾಪಾರಿ, ಹರಿಹರ

ಉತ್ತರ: ಆರು ತಿಂಗಳೆಂಬುದೇ ಗುಟ್ಟು ಬಿಟ್ಟುಕೊಡುತ್ತದೆ. ದೊಡ್ಡ ಸಂಸ್ಥೆಗಳು ತಮ್ಮ ನೂರಾರು ಕಂಪ್ಯೂಟರುಗಳಿಗೆ ಬಳಸುವ ಕೆಎಂಎಸ್ ಎಂಬ ವ್ಯವಸ್ಥೆಯಿದೆ. ಅದರ ಆ್ಯಕ್ಟಿವೇಶನ್ 180 ದಿನ ಬಾಳುತ್ತದೆ. ಕಂಪ್ಯೂಟರ್ ಏಳು ದಿನಕ್ಕೊಮ್ಮೆ ಸಂಸ್ಥೆಯ ಸರ್ವರಿಗೆ ಹೋಗಿ ಅವಧಿ ಹೊಸತು ಮಾಡಿಕೊಳ್ಳುತ್ತದೆ. ನಿಮ್ಮ ಅಂಗಡಿಯ ಕಂಪ್ಯೂಟರಿಗೆ ಅಂಥ ಸರ್ವರ್ ಸಿಗಲಿಲ್ಲ, 180 ದಿನಕ್ಕೆ ನಿಂತಿತು. ಹೀಗಾಗಿರುವ ಸಾಧ್ಯತೆಯೇ ಹೆಚ್ಚು.

ಖಾತ್ರಿ ಮಾಡಿಕೊಳ್ಳಲು ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರ, ಒಂದು ಖಾಲಿ ಜಾಗ, ಓರೆಗೆರೆ, ನಂತರ ಡಿ, ಎಲ್, ಐ ಒತ್ತಿ ಎಂಟರ್ ಮಾಡಿ. ಚಿಕ್ಕ ಕಿಟಕಿಯೊಂದು ತೆರೆಯುತ್ತದೆ. ಅದರ ವಿವರಣೆಯ ಸಾಲಿನ ಕೊನೆಗೆ ಚಾನೆಲ್ ಹೆಸರಿದೆ. ರೀಟೇಲ್ ಎಂದಿದ್ದರೆ ಬಿಡಿಯಾಗಿ ಮಾರುವ ಕೀ. ಒಇಎಂ ಎಂದಿದ್ದರೆ ಯಂತ್ರದ ಜೊತೆ ಬಂದದ್ದು. ವಾಲ್ಯೂಮ್ ಎಂದಿದ್ದರೆ ಯಾವುದೋ ಸಂಸ್ಥೆಯ ಸಗಟು ಲೈಸೆನ್ಸು. ವಾಲ್ಯೂಮ್ ಜೊತೆ ಕೆಎಂಎಸ್ ಎಂದಿದ್ದರೆ ಮೇಲೆ ಹೇಳಿದ್ದೇ. ಎಂಎಕೆ ಎಂದಿದ್ದರೆ ಆ ಸಂಸ್ಥೆಗೆ ಇಂತಿಷ್ಟು ಆ್ಯಕ್ಟಿವೇಶನ್ ಎಂದು ಕೊಟ್ಟ ಕೀಯನ್ನು ಒಬ್ಬೊಬ್ಬರಿಗೆ ಚೂರು ಚೂರು ಮಾರಿದ್ದಾರೆ ಎಂದರ್ಥ. ಇನ್ನೊಂದು ಬಗೆ, ಪರೀಕ್ಷೆಗೆಂದು ಪುಕ್ಕಟೆ ಕೊಡುವ 90 ದಿನದ ಎಂಟರ್‌ಪ್ರೈಸ್ ಆವೃತ್ತಿ. ಅದರ ಅವಧಿ ಮುಗಿದರೆ ಕಂಪ್ಯೂಟರ್ ಗಂಟೆಗೊಮ್ಮೆ ತಾನೇ ಬಂದ್ ಆಗುತ್ತದೆ.

ಗೊತ್ತಿಲ್ಲದೆ ಬಳಸಿದ್ದಕ್ಕೆ ನಿಮ್ಮ ಮೇಲೆ ಅಪರಾಧ ಬರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಹೇಳುವುದು ನಕಲು ಎಂದು ತಿಳಿದೂ ಬಳಸಿದವರಿಗೆ. ಅವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು. ಈಗ ನಿಮಗೆ ತಿಳಿದಿದೆ, ಆದ್ದರಿಂದ ಮತ್ತೆ ಅಂಥದ್ದೇ ಕೀ ಹಾಕಿಸಬೇಡಿ. ಎನಿಡೆಸ್ಕ್ ತೆಗೆದುಹಾಕಿ. ಬೇರೊಂದು ಫೋನಿನಿಂದ ಬ್ಯಾಂಕು, ಜಿಎಸ್‌ಟಿ ಪಾಸ್‌ವರ್ಡ್ ಬದಲಿಸಿ, ಡೇಟಾ ಬ್ಯಾಕಪ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿ. ಆ್ಯಕ್ಟಿವೇಟ್ ಮಾಡಲು ಬಂದವರು ವೈರಸ್ ಸ್ಕ್ಯಾನರಿನಲ್ಲಿ ತಮ್ಮ ಫೋಲ್ಡರಿಗೆ ವಿನಾಯಿತಿ ಹಾಕಿ ಹೋಗುವುದುಂಟು. ಕೀ ಹೋದದ್ದಕ್ಕಿಂತ ದೊಡ್ಡ ಅಪಾಯ ಅದೇ.

ಹಣದ ಬಗ್ಗೆ: ಇ-ಕಾಮರ್ಸ್ ನಿಯಮ 2020ರ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ಯಾವ ರಾಜ್ಯದಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಕಡೆಯೇ, ಅಂದರೆ ದಾವಣಗೆರೆಯಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಒಂದು ಅಡಚಣೆ ಇದೆ: ವ್ಯಾಪಾರದ ಬಳಕೆಗೆ ಕೊಂಡದ್ದು ಎಂದು ಎದುರಿನವರು ತಕರಾರು ತೆಗೆಯಬಹುದು. ಜೀವನೋಪಾಯಕ್ಕೆ ಸ್ವಂತ ದುಡಿಮೆಯ ಅಂಗಡಿ ನಡೆಸುವವರು ಗ್ರಾಹಕರೇ ಎಂದು ಕಾಯ್ದೆಯ ವಿವರಣೆಯಲ್ಲಿದೆ, ದೂರಿನಲ್ಲಿ ಆ ಮಾತನ್ನು ಬರೆಯಿರಿ. ಖಾತೆಯಿಂದ ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ಅಪರಾಧಗಳ) ಠಾಣೆಗೆ ಹೋಗಿ.

ಪ್ರಶ್ನೆ: ಕೆಟ್ಟುಹೋದ ಲ್ಯಾಪ್‌ಟಾಪುಗಳನ್ನು ಗುಜರಿಗೆ ತೆಗೆದುಕೊಳ್ಳುತ್ತೇನೆ. ತಳದಲ್ಲಿರುವ ವಿಂಡೋಸ್ ಸ್ಟಿಕರ್ ಕಿತ್ತು ಕೀ ಮಾತ್ರ ಮಾರಬಹುದೇ?
ರಿಪೇರಿ ಅಂಗಡಿ, ಚಳ್ಳಕೆರೆ

ಉತ್ತರ: ಮಾರಬೇಡಿ. ಆ ಲೈಸೆನ್ಸು ಯಂತ್ರದ ಜೊತೆ ಹುಟ್ಟಿ ಅದರ ಜೊತೆಗೇ ಹೋಗುತ್ತದೆ. ವಿಂಡೋಸ್ 8ರಿಂದ ಈಚಿನ ಲ್ಯಾಪ್‌ಟಾಪುಗಳಲ್ಲಿ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಇರುವುದರಿಂದ ಸ್ಟಿಕರಿನಲ್ಲಿ ನಂಬರೂ ಇರುವುದಿಲ್ಲ. ರಿಪೇರಿ ಮಾಡಿದ ಲ್ಯಾಪ್‌ಟಾಪನ್ನು ಅದರದೇ ಬೋರ್ಡು, ಅದರದೇ ವಿಂಡೋಸ್ ಸಮೇತ ಮಾರುವುದಕ್ಕೆ ಅಡ್ಡಿಯಿಲ್ಲ. ಬೋರ್ಡು ಬದಲಿಸಿದ್ದರೆ ವಿಂಡೋಸ್ ಇದೆ ಎಂದು ಜಾಹೀರಾತಿನಲ್ಲಿ ಹಾಕಬೇಡಿ.

ಪ್ರಶ್ನೆ: ಫೋಟೊಶಾಪ್ ಸಿಎಸ್2 ಅನ್ನು ಅಡೋಬಿಯೇ ಸೀರಿಯಲ್ ನಂಬರ್ ಸಮೇತ ಪುಕ್ಕಟೆ ಬಿಟ್ಟಿದೆ ಅಂತ ಎಲ್ಲರೂ ಹೇಳುತ್ತಾರೆ. ಸ್ಟುಡಿಯೋದವರಿಗೆ ಡಿವಿಡಿ ಮಾಡಿ ಮಾರಬಹುದಾ?
ಫೋಟೊ ಸ್ಟುಡಿಯೋ, ಹೊಸದುರ್ಗ

ಉತ್ತರ: ಪುಕ್ಕಟೆ ಬಿಟ್ಟಿಲ್ಲ. 2012ರ ಡಿಸೆಂಬರಿನಲ್ಲಿ ಸಿಎಸ್2ರ ಹಳೇ ಆ್ಯಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ಈಗಾಗಲೇ ದುಡ್ಡು ಕೊಟ್ಟು ಕೊಂಡಿದ್ದವರ ಕೆಲಸ ನಿಲ್ಲದಿರಲಿ ಎಂದು ಸರ್ವರ್ ಬೇಡದ ಇನ್‌ಸ್ಟಾಲರ್ ಮತ್ತು ಸೀರಿಯಲ್ ನಂಬರನ್ನು ಅಡೋಬಿ ಜಾಲತಾಣದಲ್ಲಿಟ್ಟಿತು. ಬಾಗಿಲು ತೆರೆದಿದ್ದರಿಂದ ಲೋಕವೆಲ್ಲ ಇಳಿಸಿಕೊಂಡಿತು. ಲೈಸೆನ್ಸು ಇದ್ದವರಿಗೆ ಮಾತ್ರ ಇದು ಎಂದು ಕಂಪನಿ ಆಗಲೇ ಸ್ಪಷ್ಟನೆ ಕೊಟ್ಟಿದೆ. ಡಿವಿಡಿ ಮಾಡಿ ಮಾರಿದರೆ ಶುದ್ಧ ಪೈರಸಿ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡಿನ ಜೊತೆ ಗೇಮ್ ಕೋಡ್ ಫ್ರೀ ಬಂದಿದೆ. ನನಗೆ ಬೇಡ. ಮಾರಲೇ?
ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಕೂಪನ್ನಿನ ನಿಯಮದಲ್ಲಿ ವರ್ಗಾವಣೆಗೆ ಒಪ್ಪಿಗೆ ಇರುವುದು ಕಡಿಮೆ. ಅಲ್ಲದೆ ಕೋಡ್ ಬಳಸುವಾಗ ಆ ಕಾರ್ಡು ಕಂಪ್ಯೂಟರಿನಲ್ಲಿ ಕೂತಿದೆಯೇ ಎಂದು ಎಎಂಡಿ, ಎನ್‌ವಿಡಿಯಾ ಎರಡೂ ಪರೀಕ್ಷಿಸುತ್ತವೆ. ಕೊಂಡವರ ಬಳಿ ಕಾರ್ಡು ಇರುವುದಿಲ್ಲ, ಜಗಳ ಖಚಿತ. ಗೆಳೆಯರಿಗೆ ಆಡಲು ಕೊಡುವುದಾದರೂ ಮೊದಲು ನಿಯಮ ಓದಿ.

ಪ್ರಶ್ನೆ: ಜಿಎಸ್‌ಟಿ ನಂಬರ್ ತೆಗೆದುಕೊಂಡು 18% ಕಟ್ಟಿ ಬಿಲ್ ಕೊಟ್ಟರೆ ಇಂಥ ಮಾರಾಟ ಸಕ್ರಮ ಆಗುವುದಿಲ್ಲವೇ?
ಓದುಗ, ಹೊಳಲ್ಕೆರೆ

ಉತ್ತರ: ಆಗುವುದಿಲ್ಲ. ಡಬ್ಬಿಯಲ್ಲಿ ಬರುವ ಸಾಫ್ಟ್‌ವೇರ್ ಸರಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದು ಮಾರಾಟ ತೆರಿಗೆಯ ಲೆಕ್ಕಕ್ಕೆ. ತೆರಿಗೆ ಕಟ್ಟಿದ್ದರಿಂದ ಕೃತಿಸ್ವಾಮ್ಯದ ಒಡೆಯನ ಒಪ್ಪಿಗೆ ಬಂದಂತಾಗುವುದಿಲ್ಲ.

ಪ್ರಶ್ನೆ: ಮ್ಯಾಗಜಿನ್ ಜೊತೆ ಬಂದ ಅಸಲಿ ಸಿಡಿ ಮಾರಲು ಹಾಕಿದ್ದೆ. ‘ಕಾಪಿರೈಟ್ ದೂರು’ ಎಂದು ತಾಣದವರು ಲಿಸ್ಟಿಂಗ್ ತೆಗೆದರು. ಇನ್ನೆರಡು ಸಲ ಹೀಗಾದರೆ ಐಡಿ ಬಂದ್ ಅಂತೆ. ಏನು ಮಾಡಲಿ?
ಓದುಗ, ಹಳೇ ಪೇಟೆ, ದಾವಣಗೆರೆ

ಉತ್ತರ: ಮೊದಲು ದೂರಿನ ಪ್ರತಿ ಕೇಳಿ, ಯಾವುದರ ಮೇಲೆ ದೂರು ಎಂದು ನೋಡಿ. ಎಷ್ಟೋ ಸಲ ದೂರು ಸಿಡಿಯ ಮೇಲೆ ಇರುವುದೇ ಇಲ್ಲ, ಲಿಸ್ಟಿಂಗಿಗೆ ಬಳಸಿದ ಚಿತ್ರದ ಮೇಲೆ ಇರುತ್ತದೆ. ಕಂಪನಿಯ ಜಾಲತಾಣದಿಂದ ಡಬ್ಬಿಯ ಚಿತ್ರ ಎತ್ತಿ ಹಾಕಿದ್ದರೆ ತಪ್ಪು ನಿಮ್ಮದೇ. ಸ್ವಂತ ಮೊಬೈಲಿನಲ್ಲಿ ತೆಗೆದ ಫೋಟೊ ಹಾಕಿ ಮರುಲಿಸ್ಟ್ ಮಾಡಿದರೆ ಮುಗಿಯಿತು. ಶೀರ್ಷಿಕೆಯಲ್ಲಿ ‘ಫುಲ್ ವರ್ಶನ್’, ‘ಕ್ರ್ಯಾಕ್’, ‘ಲೈಫ್‌ಟೈಮ್’ ಎಂಬ ಪದಗಳಿದ್ದರೆ ಯಂತ್ರವೇ ಹಿಡಿದು ತೆಗೆಯುತ್ತದೆ.

ನಿಜವಾಗಿ ಸಿಡಿಯ ಮೇಲೇ ದೂರಿದ್ದರೆ, ತಾಣದ ಮೇಲ್ಮನವಿ ನಮೂನೆಯಲ್ಲಿ ಮೂರು ಸಂಗತಿ ಬರೆಯಿರಿ: ಇದು ಪ್ರಕಾಶಕರೇ ಹೊರತಂದ ಅಸಲಿ ಪ್ರತಿ, ನಕಲಲ್ಲ, ಯಾವ ಪತ್ರಿಕೆಯ ಯಾವ ತಿಂಗಳ ಸಂಚಿಕೆಯ ಜೊತೆ ಬಂತು, ಮಾರುತ್ತಿರುವುದು ಈ ಒಂದು ಡಿಸ್ಕನ್ನೇ, ಡೌನ್‌ಲೋಡ್ ಲಿಂಕನ್ನಲ್ಲ. ಸಂಚಿಕೆಯ ಮುಖಪುಟ ಮತ್ತು ಡಿಸ್ಕಿನ ಎರಡೂ ಮೈಯ ಫೋಟೊ ಲಗತ್ತಿಸಿ. 36 ಗಂಟೆಯಲ್ಲಿ ತೆಗೆಯಬೇಕು, ದೂರುದಾರರು 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಮರಳಿ ಹಾಕಬಹುದು ಎಂಬ ಕೃತಿಸ್ವಾಮ್ಯ ನಿಯಮ 2013ರ ಲೆಕ್ಕ ಇರುವುದು ಲಿಂಕು ಕೊಡುವ, ಕೃತಿಯನ್ನೇ ತಾತ್ಕಾಲಿಕವಾಗಿ ಸಂಗ್ರಹಿಸುವ ತಾಣಗಳಿಗೆ. ಡಿಸ್ಕಿನ ಜಾಹೀರಾತಿಗೆ ಮಾರಾಟ ತಾಣಗಳು ತಮ್ಮದೇ ನಿಯಮ ನಡೆಸುತ್ತವೆ. ಅದಕ್ಕಾಗಿ 21 ದಿನ ಕಾಯುತ್ತಾ ಕೂರಬೇಡಿ, ಅವರು ಕೊಟ್ಟ ಗಡುವಿನೊಳಗೆ ಉತ್ತರ ಕಳಿಸಿ.

ಕಂಪನಿಯ ವಕೀಲರಿಂದ ನೋಟಿಸ್ ಬಂದರೆ ಫೋನಿನಲ್ಲಿ ಮಾತಾಡಿ ಒಪ್ಪಿಕೊಳ್ಳಬೇಡಿ, ‘ಸೆಟಲ್‌ಮೆಂಟ್’ ಎಂದು ಹಣ ಕಳಿಸಬೇಡಿ. ಲಿಸ್ಟಿಂಗ್ ತಾತ್ಕಾಲಿಕವಾಗಿ ಇಳಿಸಿ, ಡಿಸ್ಕನ್ನು ಹಾಗೇ ಎತ್ತಿಡಿ, ವಕೀಲರ ಮೂಲಕ ಲಿಖಿತ ಉತ್ತರ ಕೊಡಿ. ಬುಡವಿಲ್ಲದ ಬೆದರಿಕೆ ಎಂದಾದರೆ ಕೃತಿಸ್ವಾಮ್ಯ ಕಾಯ್ದೆಯ 60ನೇ ಕಲಮಿನಡಿ ನೀವೇ ದಾವೆ ಹೂಡಿ, ಬೆದರಿಕೆ ನಿಲ್ಲಿಸುವ ಆದೇಶ ಮತ್ತು ನಷ್ಟವಾಗಿದ್ದರೆ ಪರಿಹಾರ ಕೇಳಬಹುದು. ಆದರೆ ಅವರು ಅಷ್ಟರಲ್ಲಿ ತಡಮಾಡದೆ ಕೇಸು ಹಾಕಿದ್ದರೆ ಈ ದಾರಿ ಮುಚ್ಚುತ್ತದೆ. ನೂರು ರೂಪಾಯಿಯ ಸಿಡಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಅಪರೂಪ. ಪೆಟ್ಟಿಗೆಗಟ್ಟಲೆ ಮಾಲಿದ್ದರೆ ಮಾತ್ರ ವಕೀಲರ ಫೀಸಿಗೆ ತಕ್ಕ ಲೆಕ್ಕವಾದೀತು.